ಗೊತ್ತಾಗದ ಹಾಗೆ ಊಟದಲ್ಲಿ ಕುಡಿತ ಬಿಡಿಸೋ ಮಾತ್ರೆ ಹಾಕಬಹುದಾ?

ಪ್ರಶ್ನೆ: ನಮ್ಮ ಯಜಮಾನರು ದಿನಾ ಕುಡೀತಾರೆ. ಆಸ್ಪತ್ರೆಗೆ ಬನ್ನಿ ಅಂದ್ರೆ ‘ನನಗೇನಾಗಿದೆ’ ಅಂತ ಜಗಳಕ್ಕೆ ಬರ್ತಾರೆ. ಸಾರಿನಲ್ಲಿ ಕಲಸಿ ಕೊಟ್ಟರೆ ತಾನಾಗೇ ಬಿಡ್ತಾರಂತೆ, ಅಂಥ ಮಾತ್ರೆ ಕೊಡಬಹುದಾ?

ಬೇಡ. ದಯವಿಟ್ಟು ಕೊಡಬೇಡಿ.

ಇದನ್ನು ಕೇಳುವವರು ಹೆಚ್ಚಾಗಿ ಹೆಂಡತಿ, ಇಲ್ಲವೇ ತಾಯಿ. ಬೇಡಿಕೊಂಡು, ಬೈದು, ಹರಕೆ ಹೊತ್ತು ಸಾಕಾದವರು. ಅವರ ಸಂಕಟ ಸುಳ್ಳಲ್ಲ. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಅಂತ ಬರೆದು ಮೊಬೈಲ್ ನಂಬರ್ ಹಾಕುವವರಿಗೆ ಈ ಸಂಕಟವೇ ಬಂಡವಾಳ. ಆ ಪುಡಿಯೊಳಗೆ ಏನಿದೆ ಅಂತ ಪೊಟ್ಟಣದ ಮೇಲೆ ಇರುವುದಿಲ್ಲ.

ಮೆಡಿಕಲ್ ಶಾಪಿನ ಮಾತ್ರೆಯಾದರೆ ಅದು ಸಾಮಾನ್ಯವಾಗಿ ಡೈಸಲ್ಫಿರಾಮ್. ಹೊಟ್ಟೆಗೆ ಹೋದ ಮದ್ಯವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷವಾಗಿ ಮಾಡುತ್ತದೆ, ಆಮೇಲೆ ಆ ವಿಷವನ್ನೂ ಒಡೆಯುತ್ತದೆ. ಮಾತ್ರೆ ಈ ಎರಡನೇ ಕೆಲಸವನ್ನು ತಡೆಯುತ್ತದೆ. ಆಗ ಒಂದು ಕ್ವಾರ್ಟರ್ ಹಾಕಿದರೂ ಮುಖ ಕೆಂಪೇರಿ ಉರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ತಾನು ಮಾತ್ರೆ ನುಂಗಿದ್ದೇನೆ ಅಂತ ಗೊತ್ತಿರುವವನು ಆ ಭಯಕ್ಕೇ ಗ್ಲಾಸ್ ಮುಟ್ಟುವುದಿಲ್ಲ, ಮಾತ್ರೆ ಕೆಲಸ ಮಾಡುವುದೇ ಹಾಗೆ. ಗೊತ್ತಿಲ್ಲದವನು ಎಂದಿನಂತೆ ಕುಡಿದೇ ಕುಡಿಯುತ್ತಾನೆ, ಅಲ್ವಾ? ಹಾಗಾಗಿ ವೈದ್ಯರು ಲಿವರ್, ಹೃದಯ ನೋಡಿ, ಕುಡಿಯುವವರನ್ನು ಒಪ್ಪಿಸಿ, ಮನೆಯವರ ಕಣ್ಣೆದುರೇ ದಿನಾ ನುಂಗಿಸಲು ಹೇಳುತ್ತಾರೆ.

ಹಾಗಾದರೆ ರೂಮಿನಲ್ಲಿ ಕೂಡಿಹಾಕಿ ಇವತ್ತೇ ಬಿಡಿಸೋಣ ಅನ್ನುವವರೂ ಇದ್ದಾರೆ. ಅದೂ ಬೇಡ. ಬೆಳಗ್ಗೆ ಎದ್ದ ತಕ್ಷಣ ಕೈ ನಡುಗಿ, ಒಂದು ಪ್ಯಾಕೆಟ್ ಹಾಕಿದ ಮೇಲಷ್ಟೇ ನಿಲ್ಲುವ ಹಂತಕ್ಕೆ ಬಂದವರು ದಿಢೀರ್ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಭ್ರಮಣೆ ಆಗುತ್ತದೆ. ಹೊದಿಕೆಯ ಮೇಲೆ ಇಲ್ಲದ ಹುಳ ಹೆಕ್ಕುತ್ತಾರೆ, ಗೋಡೆ ನೋಡಿಕೊಂಡು ಯಾರನ್ನೋ ಬೈಯುತ್ತಾರೆ, ಮೈ ಬೆವರಿ ತೊಯ್ಯುತ್ತದೆ. ಮನೆಯವರು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಓಡುತ್ತಾರೆ. ಓಡಬೇಕಾದದ್ದು ಆಸ್ಪತ್ರೆಗೆ. ಅಲ್ಲಿ ಡಯಾಜೆಪಾಮ್ ಥರದ ಮಾತ್ರೆಯನ್ನು ಲೆಕ್ಕ ಹಾಕಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ಜೊತೆಗೆ ವಿಟಮಿನ್ ಬಿ1. ಸರಿಯಾಗಿ ಉಣ್ಣದೆ ಕುಡಿದವರ ಮೈಯಲ್ಲಿ ಅದು ಬರಿದಾಗಿರುತ್ತದೆ, ಆ ಸ್ಥಿತಿಯಲ್ಲಿ ಸುಮ್ನೆ ಗ್ಲೂಕೋಸ್ ಬಾಟಲಿ ಮಾತ್ರ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಆದ್ದರಿಂದ ಊರಿನ ಕ್ಲಿನಿಕ್‌ಗೆ ಹೋದರೂ ‘ಇವರು ದಿನಾ ಕುಡಿಯುತ್ತಾರೆ’ ಅಂತ ಬಾಯಿಬಿಟ್ಟು ಹೇಳಿ.

ಎಲ್ಲರಿಗೂ ಒಂದೇ ಮದ್ದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಹದಿನೇಳರ ಹುಡುಗ ಗಾಂಜಾ ಸೇದುತ್ತಿದ್ದರೆ ಡೈಸಲ್ಫಿರಾಮ್‌ನಿಂದ ಏನೂ ಆಗುವುದಿಲ್ಲ, ಹೊಡೆತದಿಂದಲೂ ಆಗುವುದಿಲ್ಲ. ಅವನ ನಿದ್ದೆ, ಓದು, ಬೇಸರ, ಗೆಳೆಯರ ಗುಂಪು ಎಲ್ಲವನ್ನೂ ವಿಚಾರಿಸುವ ಕೌನ್ಸೆಲಿಂಗ್ ಬೇಕು. ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಮೂಸುವ ಮಕ್ಕಳ ವಿಷಯದಲ್ಲಂತೂ ನಾಳೆ ನೋಡೋಣ ಅನ್ನಬೇಡಿ, ಮೂಸುತ್ತಿರುವಾಗಲೇ ಹೃದಯ ನಿಲ್ಲುವುದುಂಟು. ಹೆಂಗಸರಿಗೆ ಅಷ್ಟೇ ಪ್ರಮಾಣದ ಮದ್ಯ ಹೆಚ್ಚು ಏರುತ್ತದೆ, ಲಿವರ್ ಬೇಗ ಕೆಡುತ್ತದೆ. ಆದರೆ ನಾಚಿಕೆಗೆ, ಜನರ ಬಾಯಿಗೆ ಹೆದರಿ ಅವರು ಆಸ್ಪತ್ರೆಗೆ ಬರುವುದೇ ತಡ. ಬಸುರಿಯಾಗಿದ್ದರೆ ಮೊದಲೇ ತಿಳಿಸಿ, ಔಷಧಿ ಬದಲಾಗುತ್ತದೆ. ವಯಸ್ಸಾದವರು ನಿದ್ದೆ ಮಾತ್ರೆಯ ಜೊತೆ ಕುಡಿದರೆ ಉಸಿರಿಗೇ ಅಪಾಯ, ರಾತ್ರಿ ಬಿದ್ದು ಮೂಳೆ ಮುರಿದುಕೊಳ್ಳುವವರೂ ಇದ್ದಾರೆ. ಅವರು ಕುಡಿತ ಬಿಟ್ಟಾಗ ಬರುವ ಗೊಂದಲವನ್ನು ಮನೆಯವರು ಅರಳುಮರಳು ಅಂದುಕೊಂಡು ಬಿಡುತ್ತಾರೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳನ್ನು ನೆನೆದರೆ ನನಗೆ ಹೊಟ್ಟೆ ಕಿವುಚುತ್ತದೆ, ಯಾಕೆಂದರೆ ಚಿಕಿತ್ಸೆ ನಮ್ಮಲ್ಲಿ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.

ಯಜಮಾನರು ಬರದಿದ್ದರೆ ನೀವೊಬ್ಬರೇ ಹೋಗಿ ಮಾತಾಡಿ. ಅದೂ ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ 14446 ಕೂಡ ಇದೆ. ಯಜಮಾನರ ಹತ್ತಿರ ಮಾತಾಡುವುದಾದರೆ ಬೆಳಗ್ಗೆ, ಅಮಲು ಇಳಿದಿರುವಾಗ ಮಾತಾಡಿ, ‘ಕುಡುಕ’ ಅನ್ನದೆ, ‘ರಾತ್ರಿ ನಿಮಗೆ ಉಸಿರು ಕಟ್ಟಿದ ಹಾಗಾಯ್ತು, ನಂಗೆ ಭಯ ಆಯ್ತು’ ಅಂತ ಕಂಡದ್ದನ್ನೇ ಹೇಳಿ. ಲಿವರ್ ಟೆಸ್ಟ್ ಮಾಡಿಸೋಣ ಅಂದರೆ ಬರುವ ಎಷ್ಟೋ ಜನ ಕುಡಿತ ಬಿಡಿಸ್ತೀನಿ ಅಂದರೆ ಬರುವುದಿಲ್ಲ. ಕುಡಿಯಬೇಕು ಅನ್ನುವ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ, ಕುಡಿದರೆ ಅವು ಡೈಸಲ್ಫಿರಾಮ್ ಹಾಗೆ ವಿಷವೇರಿಸುವುದಿಲ್ಲ, ಆದರೆ ಅವನ್ನೂ ವೈದ್ಯರೇ ನೋಡಿ ಕೊಡಬೇಕು.

ಈಗಾಗಲೇ ಊಟದಲ್ಲಿ ಹಾಕಿ ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಆ ಮಾತ್ರೆಯ ಪಟ್ಟಿ ಅಥವಾ ಪುಡಿ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ, ಬೈಗುಳಕ್ಕೆ ಹೆದರಬೇಡಿ. ಯಜಮಾನರಿಗೂ ವಿಷಯ ಗೊತ್ತಾಗಲೇಬೇಕು, ಯಾಕೆಂದರೆ ಡೈಸಲ್ಫಿರಾಮ್ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪರಿಣಾಮ ಮೈಯಲ್ಲಿ ಉಳಿದಿರುತ್ತದೆ. ಅಷ್ಟರೊಳಗೆ ಕುಡಿದು ಎದೆನೋವು, ಉಸಿರಾಟದ ತೊಂದರೆ ಆದರೆ 108ಕ್ಕೆ ಫೋನ್ ಮಾಡಿ, ಏನು ಕೊಟ್ಟಿದ್ದಿರಿ ಅಂತ ಅವರಿಗೂ ಹೇಳಿ.