ಕಂಪ್ಯೂಟರ್ ಜೋಡಣೆ ಗೋಡೆಯ ಪ್ಲಗ್ಗಿನಿಂದ ಶುರುವಾಗಲಿ

ಮನೆಗೊಂದು ಕಂಪ್ಯೂಟರ್ ಜೋಡಿಸಲು ಹೊರಟವರು ಮೊದಲು ಪ್ರೊಸೆಸರ್ ನೋಡುತ್ತಾರೆ, ಉಳಿದ ದುಡ್ಡಿನಲ್ಲಿ ಕೊನೆಗೆ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಬಿಡಿಭಾಗಗಳಿಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ) ತರುತ್ತಾರೆ. ವಿಜಯಪುರದಲ್ಲಿ ಈ ಕ್ರಮ ತಿರುಗುಮುರುಗಾಗಬೇಕು. ಬಿಡಿಭಾಗಗಳು ಒಂದಕ್ಕೊಂದು ಹೊಂದಿದರೆ ಸಾಲದು, ನಲವತ್ತು ಡಿಗ್ರಿ ದಾಟುವ ಬ್ಯಾಸಗಿಗೂ ಹೋಗಿ ಬರುವ ಕರೆಂಟಿಗೂ ಎರೆಮಣ್ಣಿನ ಧೂಳಿಗೂ ಹೊಂದಬೇಕು.

ಮೊದಲು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುವ ಅನುಭವ ಬಹಳ ಮನೆಗಳಲ್ಲಿದೆ. ಇದಕ್ಕೆ ಕಾರಣ ಎಸ್‌ಎಂಪಿಎಸ್ ಒಳಗೇ ಇದೆ. ವಿದ್ಯುತ್ ಗದ್ದಲವನ್ನು ಸೋಸಲು ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಲೋಹದ ಮೈಗೆ ಸೇರಿರುತ್ತವೆ. ಅರ್ಥ್ ತಂತಿ ಸರಿಯಿದ್ದರೆ ಸೋರುವ ಅಲ್ಪ ಕರೆಂಟು ನೆಲ ಸೇರುತ್ತದೆ. ಇಲ್ಲದಿದ್ದರೆ ಎರಡು ಕೆಪಾಸಿಟರ್‌ಗಳ ನಡುವೆ ಸಿಕ್ಕ ಕ್ಯಾಬಿನೆಟ್‌ನ ಮೈ 230 ವೋಲ್ಟ್‌ನ ಅರ್ಧಕ್ಕೆ, ಸುಮಾರು 115 ವೋಲ್ಟ್‌ಗೆ, ಏರಿ ನಿಲ್ಲುತ್ತದೆ. ಹರಿಯುವ ಕರೆಂಟು ಒಂದು ಮಿಲಿಆಂಪಿಯರ್‌ಗೂ ಕಡಿಮೆ, ಆದ್ದರಿಂದ ಕೈ ಜುಮ್ಮೆಂದು ಬಿಡುತ್ತದೆ. ಆದರೆ ಆ ಸ್ಥಿತಿಯಲ್ಲಿ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಪೋರ್ಟ್ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಒಳಗೆ ಬೇರೇನಾದರೂ ಕೆಟ್ಟರೆ ಪೂರ್ತಿ ವೋಲ್ಟೇಜೇ ಮೈಗೆ ಬರಬಹುದು.

ಎರೆಮಣ್ಣು ಬ್ಯಾಸಗ್ಯಾಗ ಒಣಗಿ ಬಿರುಕು ಬಿಟ್ಟಾಗ ಅರ್ಥ್ ರಾಡ್‌ಗೂ ಮಣ್ಣಿಗೂ ಇರುವ ಸಂಪರ್ಕ ಸಡಿಲಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಬೇಕು. ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಹಿಡಿಸಿ ನೋಡಿಸಿ: ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕು. ಎರಡನೆಯದು ಹತ್ತಿಪ್ಪತ್ತು ವೋಲ್ಟ್ ತೋರಿಸಿದರೆ ಮೊದಲು ವೈರಿಂಗ್ ಸರಿಪಡಿಸಿ, ಆಮೇಲೆ ಅಂಗಡಿಗೆ ಹೋಗಿ.

ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ, ಮೈಮೇಲಿನ ಚೀಟಿ ಓದಿ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಬೇಕಾದ ಶಕ್ತಿ ಬರುವುದು 12 ವೋಲ್ಟ್ ಸಾಲಿನಿಂದ. ‘450 ವ್ಯಾಟ್’ ಎಂದು ಬರೆದ ಅಗ್ಗದ ಮಾಲಿನಲ್ಲಿ 12 ವೋಲ್ಟ್ ಮುಂದೆ 16 ಆಂಪಿಯರ್ ಅಂತಿದ್ದರೆ ಗುಣಿಸಿ ನೋಡಿ, ಬರುವುದು 192 ವ್ಯಾಟ್ ಮಾತ್ರ. ನಿಜವಾದ 450 ವ್ಯಾಟ್‌ನದಾದರೆ ಅಲ್ಲಿ 36 ಆಂಪಿಯರ್ ಹತ್ತಿರ ಇರುತ್ತದೆ. 80 ಪ್ಲಸ್ ಗುರುತಿರುವ (ಕರೆಂಟು ಕಡಿಮೆ ಪೋಲು ಮಾಡುತ್ತದೆಂಬ ಪ್ರಮಾಣ) 450 ವ್ಯಾಟ್‌ನದು ಮನೆಬಳಕೆಗೆ ಧಾರಾಳ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಜೋಡಣೆ ಜೋರಾಗಿ ಓಡುವಾಗಲೂ ಸಾಮಾನ್ಯವಾಗಿ 150 ವ್ಯಾಟ್ ದಾಟುವುದಿಲ್ಲ.

ಒಳ್ಳೆಯ ಎಸ್‌ಎಂಪಿಎಸ್‌ಗೆ ಇನ್ನೊಂದು ಗುಣವಿದೆ: ಕರೆಂಟು ಹೋದ ಮೇಲೂ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಯುಪಿಎಸ್ ಬ್ಯಾಟರಿಗೆ ಬದಲಾಗಲು ಬೇಕಾಗುವುದು 10 ಮಿಲಿಸೆಕೆಂಡ್ ಒಳಗೆ, ಹಾಗಾಗಿ ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಉಳಿತಾಯ ಮಾಡುವುದು ಇದೇ ಕೆಪಾಸಿಟರ್‌ನಲ್ಲಿ. ‘ಯುಪಿಎಸ್ ಇದ್ರೂ ರಿಸ್ಟಾರ್ಟ್ ಆಗ್ತೈತ್ರಿ’ ಎಂಬ ದೂರಿನ ಮೂಲ ಹಲವು ಸಲ ಅಲ್ಲಿರುತ್ತದೆ. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ, ನಾರ್ಮಲ್ ಮೋಡ್‌ನಲ್ಲಿ ಬದಲಾವಣೆ ತಡವಾಗುತ್ತದೆ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಕೆಲಸ ಉಳಿಸಿ ಮುಚ್ಚುವಷ್ಟು ಹೊತ್ತು ಅದು ಸಾಕು.

ಇನ್ನು ಪ್ರೊಸೆಸರ್. ಮಕ್ಕಳ ಪಾಠ, ಅಂಗಡಿಯ ಜಿಎಸ್‌ಟಿ ಲೆಕ್ಕ, ಕನ್ನಡ ಟೈಪಿಂಗ್, ಮದುವೆ ವಿಡಿಯೊದ ಸಣ್ಣಪುಟ್ಟ ಎಡಿಟಿಂಗ್ ಇವಿಷ್ಟಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಸಾಕು. ಇಲ್ಲಿ ಒಂದೇ ಅಕ್ಷರ ಆಟ ಕೆಡಿಸುತ್ತದೆ. ಇಂಟೆಲ್ ಐ3-12100ರಲ್ಲಿ ಗ್ರಾಫಿಕ್ಸ್ ಇದೆ, ಕೊನೆಗೆ ‘ಎಫ್’ ಇರುವ 12100ಎಫ್‌ನಲ್ಲಿ ಇಲ್ಲ. ರೈಜೆನ್ 5 5600ಜಿಯಲ್ಲಿ ಇದೆ, ಬರೀ 5600ರಲ್ಲಿ ಇಲ್ಲ. ಒಂದಿಷ್ಟು ದುಡ್ಡು ಉಳಿಯಿತೆಂದು ಎಫ್ ತಂದರೆ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಇದ್ದೂ ಇಲ್ಲದಂತೆ.

ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಹೊಂದಿದರೆ ಎಲ್ಲ ಹೊಂದಿತು ಎನ್ನುವಂತಿಲ್ಲ. ಇಂಟೆಲ್‌ನ ಎಲ್‌ಜಿಎ 1151 ಇದಕ್ಕೆ ಸ್ಪಷ್ಟ ಉದಾಹರಣೆ: 6 ಮತ್ತು 7ನೇ ತಲೆಮಾರಿನ ಬೋರ್ಡಿನಲ್ಲಿ 8ನೇ ತಲೆಮಾರಿನ ಪ್ರೊಸೆಸರ್ ಚೆನ್ನಾಗಿಯೇ ಕೂರುತ್ತದೆ, ಆದರೆ ಓಡುವುದಿಲ್ಲ. ಹಳೆಯ ಬೋರ್ಡ್ ಹುಡುಕುವವರು ಇದನ್ನು ಮರೆಯಬಾರದು. ವಿಂಡೋಸ್ 11 ಅಧಿಕೃತವಾಗಿ ಬಯಸುವುದೂ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಮೇಲಿನದನ್ನೇ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ತೊಡಕು ಬಯೋಸ್‌ನದು, ಅಂದರೆ ಬೋರ್ಡನ್ನು ಚಾಲೂ ಮಾಡುವ ಅದರೊಳಗಿನ ತಂತ್ರಾಂಶದ್ದು. ಅಂಗಡಿಯಲ್ಲಿ ಬಹುದಿನ ಕೂತ ಬಿ450 ಬೋರ್ಡಿಗೆ ರೈಜೆನ್ 5000 ಸರಣಿಯ ಪ್ರೊಸೆಸರ್‌ಗಳ ಪರಿಚಯವೇ ಇರುವುದಿಲ್ಲ, ಹಾಕಿದರೆ ಫ್ಯಾನ್ ತಿರುಗಿ ಪರದೆ ಕಪ್ಪಗೇ ಉಳಿಯುತ್ತದೆ. ಕೊಳ್ಳುವಾಗಲೇ ‘ಬಯೋಸ್ ಅಪ್‌ಡೇಟ್ ಮಾಡಿ ಕೊಡ್ತೀರೇನ್ರಿ’ ಎಂದು ಕೇಳಿ. ಸೊಲ್ಲಾಪುರದಿಂದಲೋ ಹುಬ್ಬಳ್ಳಿಯಿಂದಲೋ ತರಿಸಿದ ಬೋರ್ಡ್ ವಾಪಸ್ ಕಳಿಸುವ ಓಡಾಟ ತಪ್ಪುತ್ತದೆ. ತಯಾರಕರ ಜಾಲತಾಣದಲ್ಲಿ ಪ್ರತಿ ಬೋರ್ಡಿಗೂ ಪ್ರೊಸೆಸರ್ ಪಟ್ಟಿ, ಎಷ್ಟನೇ ಬಯೋಸ್ ಬೇಕೆಂಬ ವಿವರ ಇರುತ್ತದೆ. ನಾವು ನಂಬಬೇಕಾದದ್ದು ಅದನ್ನೇ.

ರ‍್ಯಾಮ್ ವಿಷಯದಲ್ಲಿ ಡಿಡಿಆರ್4, ಡಿಡಿಆರ್5 ಎಂಬ ಎರಡೂ ತಲೆಮಾರುಗಳಿಗೆ 288 ಪಿನ್ನುಗಳೇ, ಆದರೆ ಕಚ್ಚಿನ ಜಾಗ ಬೇರೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಇಂಟೆಲ್‌ನ ಎಚ್610 ಬೋರ್ಡುಗಳು ಎರಡೂ ಬಗೆಯಲ್ಲಿ ಬರುತ್ತವೆ, ಹೆಸರಿನಲ್ಲಿ ‘ಡಿ4’ ಇದೆಯೇ ನೋಡಿ. ಎಎಂ4ಗೆ ಡಿಡಿಆರ್4 ಮಾತ್ರ, ಅದರ ಮುಂದಿನ ಎಎಂ5 ಸಾಕೆಟ್‌ಗೆ ಡಿಡಿಆರ್5 ಮಾತ್ರ. 16 ಜಿಬಿ ಹಾಕುವುದಾದರೆ 8ರ ಎರಡು ಕಡ್ಡಿಗಳೇ ಇರಲಿ. ಡಿಡಿಆರ್4-3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಬಲ್ಲದು, ಎರಡು ಚಾನೆಲ್‌ಗಳಲ್ಲಿ ಅದು 51.2 ಆಗುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದನ್ನೇ ಹಂಚಿಕೊಳ್ಳಬೇಕು, ಆದ್ದರಿಂದ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಎಸ್‌ಎಸ್‌ಡಿ ಕೊಳ್ಳುವಾಗ ಎಂ.2 ಎನ್ನುವುದು ಆಕಾರದ ಹೆಸರಷ್ಟೇ ಎಂದು ನೆನಪಿರಲಿ. ನಿಧಾನದ ಸಾಟಾ ಬಗೆಯದೂ ವೇಗದ ಎನ್‌ವಿಎಂಇ ಬಗೆಯದೂ ಅದೇ ಆಕಾರದಲ್ಲಿ ಬರುತ್ತವೆ, ಬೋರ್ಡ್ ಯಾವುದನ್ನು ಒಪ್ಪುತ್ತದೆಂದು ನೋಡಿಯೇ ತನ್ನಿ.

ಕ್ಯಾಬಿನೆಟ್‌ಗೆ ಮುಂದೆ ಜಾಳಿಗೆ, ತೆಗೆದು ತೊಳೆಯಬಹುದಾದ ಫಿಲ್ಟರ್ ಇರಲಿ. ಗಾಜಿನ ಮುಖದ್ದು ಇಲ್ಲಿಗೆ ಬೇಡ. ಕೋಣೆಯ ಬಿಸಿ ಎಷ್ಟು ಏರುತ್ತದೋ ಪ್ರೊಸೆಸರ್‌ನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ: 25 ಡಿಗ್ರಿ ಕೋಣೆಯಲ್ಲಿ 68 ಇದ್ದದ್ದು 42ರ ಮಧ್ಯಾಹ್ನ 85 ಆಗುತ್ತದೆ. 5600ಜಿಯ ಮಿತಿ 95, ಅದನ್ನು ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಾಳಿ ಒಳಗೆಳೆಯುವ ಫ್ಯಾನ್ ಎರಡು, ಹೊರಹಾಕುವುದು ಒಂದು ಇಟ್ಟರೆ ಒಳಗಿನ ಒತ್ತಡ ತುಸು ಹೆಚ್ಚಿರುತ್ತದೆ, ಧೂಳು ಸಂದುಗಳಿಂದ ನುಗ್ಗದೆ ಫಿಲ್ಟರ್‌ನಲ್ಲೇ ಸಿಗುತ್ತದೆ.

ಜೋಡಿಸುವಾಗ ಮೊದಲು ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಇಷ್ಟರಲ್ಲೇ ಚಾಲೂ ಮಾಡಿ ನೋಡಿ. ದೋಷವಿದ್ದರೆ ಅಲ್ಲೇ ಸಿಗುತ್ತದೆ. ಕ್ಯಾಬಿನೆಟ್‌ನಲ್ಲಿ ಬೋರ್ಡಿನ ತೂತಿಲ್ಲದ ಕಡೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ತಿರುಪು ಉಳಿದಿದ್ದರೆ ತೆಗೆಯಿರಿ, ಅದು ಹಿಂಬದಿಗೆ ತಾಗಿ ಶಾರ್ಟ್ ಆಗುತ್ತದೆ. ಎಎಂ4 ಪ್ರೊಸೆಸರ್‌ನ ಕೂಲರ್ ಬಿಚ್ಚುವಾಗ ನೇರ ಮೇಲಕ್ಕೆ ಎಳೆಯಬೇಡಿ. ಬಿಸಿ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಅಂಟಿ ಪ್ರೊಸೆಸರೇ ಕಿತ್ತುಬಂದು ಪಿನ್ನು ಬಾಗುತ್ತವೆ. ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಮೆಲ್ಲಗೆ ಅತ್ತಿತ್ತ ತಿರುಗಿಸಿ ಎತ್ತಿ. ಫ್ಯಾನ್ ತಿರುಗಿಯೂ ಪರದೆ ಬರದಿದ್ದರೆ ಪ್ರೊಸೆಸರ್ ಪಕ್ಕದ 8 ಪಿನ್ ವಿದ್ಯುತ್ ಕೇಬಲ್ ಹಾಕಿದೆಯೇ, ರ‍್ಯಾಮ್ ಪೂರ್ತಿ ಕೂತಿದೆಯೇ ಎಂದು ಮೊದಲು ನೋಡಿ. ಡಿಡಿಆರ್5 ಬೋರ್ಡಾದರೆ ಮೊದಲ ಸಲ ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ಹಿಡಿಯಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ.