ಅಮ್ಮನ ಭುಜ ಹಿಡಿದುಕೊಂಡಿದೆ, ಎಣ್ಣೆ ಹಚ್ಚಿ ಎಳೆಸಬಹುದೇ?

ಪ್ರಶ್ನೆ: ಅಮ್ಮನಿಗೆ 54 ವರ್ಷ, ಶುಗರ್ ಇದೆ. ನಾಲ್ಕು ತಿಂಗಳಿಂದ ಎಡಭುಜ ನೋವು. ಈಗ ಜಡೆ ಹಾಕಿಕೊಳ್ಳಲೂ ಆಗುತ್ತಿಲ್ಲ, ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಕೆಡುತ್ತದೆ. ಊರಲ್ಲಿ ಎಣ್ಣೆ ಹಚ್ಚಿ ಎಳೆದು ಬಿಡಿಸುವವರಿದ್ದಾರೆ. ಕರೆದುಕೊಂಡು ಹೋಗಲೇ? (ಮದ್ದೂರು)

ಉತ್ತರ: ದಯವಿಟ್ಟು ಬೇಡ. ಎಣ್ಣೆಯಿಂದ ತೊಂದರೆಯಿಲ್ಲ, ಎಳೆತದಿಂದ ಇದೆ. ಭುಜದ ಕೀಲನ್ನು ಸುತ್ತಿರುವ ಚೀಲ ಉರಿಯೂತದಿಂದ ದಪ್ಪಗಾಗಿ ಕುಗ್ಗಿದಾಗ ಕೈ ಹಿಡಿದುಕೊಳ್ಳುತ್ತದೆ, ಇದಕ್ಕೇ ಫ್ರೋಜನ್ ಶೋಲ್ಡರ್ ಎನ್ನುತ್ತಾರೆ. ಶುಗರ್ ಇದ್ದವರಲ್ಲಿ ಇದು ಹೆಚ್ಚು, ವಾಸಿಯಾಗುವುದೂ ನಿಧಾನ. ನೋವು ಕೆರಳಿರುವಾಗ ಜಗ್ಗಿದರೆ ಉರಿಯೂತ ಇನ್ನೂ ಏರುತ್ತದೆ. ಮೂಳೆ ಟೊಳ್ಳಾಗಿದ್ದರೆ ತೋಳೇ ಮುರಿಯಬಹುದು.

ಮೊದಲು ಒಂದು ಪರೀಕ್ಷೆ. ಅಮ್ಮ ಮೊಣಕೈ ಮಡಚಿ ಪಕ್ಕೆಗೆ ಒತ್ತಿಕೊಂಡು ಕೂರಲಿ. ನೀವು ಮುಂಗೈ ಹಿಡಿದು ಮೆಲ್ಲಗೆ ಹೊರಕ್ಕೆ ತಿರುಗಿಸಿ. ಬಲಗೈಯಷ್ಟು ಬರದೆ ಅರ್ಧಕ್ಕೇ ನಿಂತರೆ ಫ್ರೋಜನ್ ಶೋಲ್ಡರ್ ಇರಬಹುದು. ತಾವಾಗಿ ಎತ್ತಲಾಗದ ಕೈ ನೀವು ಎತ್ತಿದಾಗ ಸಲೀಸಾಗಿ ಬಂದರೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿದಿರುವ ಸಂಶಯ. ಕೀಲು ಸವೆದಿದ್ದರೂ ಕೈ ಹೀಗೇ ನಿಲ್ಲುತ್ತದೆ, ಅದಕ್ಕೇ ಎಕ್ಸ್‌ರೇ ಬೇಕು. ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ.

ನಿದ್ದೆಗೆಡಿಸುವ ಈ ಹಂತದಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕೆಲವು ದಿನ ಶುಗರ್ ಏರುತ್ತದೆ. ಆ ವಾರ ದಿನವೂ ನೋಡಿಕೊಳ್ಳಿ, ಮಾತ್ರೆಯ ಬಗ್ಗೆ ಮೊದಲೇ ಕೇಳಿ. ನೋವು ತಗ್ಗಿದ ವಾರಗಳಲ್ಲೇ ವ್ಯಾಯಾಮ ಹಿಡಿಸಬೇಕು. ಅದನ್ನು ಬಿಟ್ಟರೆ ಇಂಜೆಕ್ಷನ್ನಿನ ಅರ್ಧ ಲಾಭ ಹೋಯಿತು.

ಹತ್ತು ನಿಮಿಷ ಬಿಸಿ ಶಾಖ ಕೊಟ್ಟು ಶುರುಮಾಡಿ. ಬಲಗೈಯನ್ನು ಮೇಜಿಗೆ ಊರಿ ಬಗ್ಗಿ, ಎಡಗೈ ಜೋತುಬಿಟ್ಟು, ಮೈ ತೂಗುತ್ತಾ ಸಣ್ಣ ಸುತ್ತು: ಆ ಕಡೆ 10, ಈ ಕಡೆ 10. ಭುಜದಿಂದ ಕೈ ತಿರುಗಿಸಬಾರದು. ಆಮೇಲೆ ಮುಖ್ಯವಾದದ್ದು. ಎರಡಡಿಯ ಮುದ್ದೆ ಕೋಲು ಸಾಕು. ಮೊಣಕೈ ಮತ್ತು ಪಕ್ಕೆಯ ನಡುವೆ ಮಡಚಿದ ಟವೆಲ್ ಇಟ್ಟು, ಎರಡೂ ಕೈಯಲ್ಲಿ ಕೋಲು ಹಿಡಿದು, ಬಲಗೈಯಿಂದ ಎಡಗೈಯನ್ನು ಹೊರಕ್ಕೆ ತಳ್ಳಿ 20 ಸೆಕೆಂಡ್ ನಿಲ್ಲಿಸಬೇಕು, ಐದು ಸಲ. ಟವೆಲ್ ಬಿದ್ದರೆ ಮೊಣಕೈ ತಪ್ಪಿತು ಎಂದೇ ಅರ್ಥ. ಕೊನೆಗೆ ಗೋಡೆಯ ಮೇಲೆ ಎಡಗೈ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಬೇಕು. ಆಗ ಭುಜ ಕಿವಿಯತ್ತ ಏರಿದರೆ ಎತ್ತರ ಲೆಕ್ಕಕ್ಕಿಲ್ಲ, ಇಳಿಸಿ. ದಿನಕ್ಕೆ ಎರಡು ಮೂರು ಹೊತ್ತು. ಬೆನ್ನ ಹಿಂದೆ ಟವೆಲ್ ಎಳೆಯುವುದನ್ನು ರಾತ್ರಿಯ ನೋವು ಹೋಗುವತನಕ ಮುಟ್ಟಬೇಡಿ.

ವ್ಯಾಯಾಮದ ನೋವು ಅರ್ಧ ಗಂಟೆಯಲ್ಲಿ ಇಳಿದರೆ ಸರಿ. ರಾತ್ರಿ ಎಬ್ಬಿಸಿದರೆ ಮರುದಿನ ಅರ್ಧಕ್ಕಿಳಿಸಿ, ಪೂರ್ತಿ ನಿಲ್ಲಿಸಬೇಡಿ. ಪೂರಾ ಸಡಿಲವಾಗಲು ವರ್ಷದಿಂದ ಮೂರು ವರ್ಷ ಹಿಡಿಯಬಹುದು. ಆರು ತಿಂಗಳು ಬಿಡದೆ ಮಾಡಿದರೂ ಕೈ ಕದಲದಿದ್ದರೆ ಕೀಲುದರ್ಶಕದ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ) ಶಸ್ತ್ರಚಿಕಿತ್ಸೆ ಬೇಕೇ ಎಂದು ವೈದ್ಯರನ್ನು ಕೇಳಿ.

ಎಡಗೈ ನೋವಿನ ಜೊತೆ ಎದೆ ಹಿಂಡಿದಂತಾಗಿ ಬೆವರಿದರೆ ಭುಜದ ವಿಚಾರ ಬಿಟ್ಟು ತಕ್ಷಣ 108ಕ್ಕೆ ಕರೆಮಾಡಿ.