ತಂಡ ಹೋಯ್ತು, ಹೆಸರು ಉಳೀತು

1995ರ ನವೆಂಬರ್ 7ರಂದು ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಮತದಾನ ನಡೆಯಿತು. ಮದ್ಯ, ಸಿಗರೇಟಿನ ಮೇಲಿನ ತೆರಿಗೆಯನ್ನು ಮುಂದುವರಿಸಿ, ಆ ದುಡ್ಡಲ್ಲಿ ಊರಿನ ಫುಟ್‌ಬಾಲ್ ಸ್ಟೇಡಿಯಂ ಸರಿಮಾಡಿಸೋಣವೇ ಅನ್ನುವುದು ಪ್ರಶ್ನೆ. ಹೌದು ಅಂದವರೇ ತುಂಬಾ ಜಾಸ್ತಿ. ಆದರೆ ಆ ಸ್ಟೇಡಿಯಂನಲ್ಲಿ ಆಡುತ್ತಿದ್ದ ಬ್ರೌನ್ಸ್ ತಂಡ ಊರು ಬಿಡುತ್ತಿದೆ ಅಂತ ಅದರ ಮಾಲೀಕ ಆರ್ಟ್ ಮೊಡೆಲ್ ಹಿಂದಿನ ದಿನವೇ ಬಾಲ್ಟಿಮೋರ್‌ನಲ್ಲಿ ವೇದಿಕೆ ಹತ್ತಿ ಹೇಳಿಯಾಗಿತ್ತು. ತಂಡ ಹೋಗುತ್ತಿದೆ ಅಂತ ಗೊತ್ತಿದ್ದೂ ಜನ ದುಡ್ಡು ಕೊಡಲು ಒಪ್ಪಿದರು.

ನಾನು ಬ್ರೌನ್ಸ್ ಕಡೆಯವನು. ಹಾಗಾಗಿ ಇಲ್ಲಿ ಪೂರ್ತಿ ನಿಷ್ಪಕ್ಷಪಾತ ಬರವಣಿಗೆ ಸಿಗಲಿಕ್ಕಿಲ್ಲ. ಆದರೆ ಈ ಕಥೆಯಲ್ಲಿ ಮೊಡೆಲ್ ಒಬ್ಬರನ್ನೇ ಖಳನಾಯಕ ಮಾಡುವುದು ಸುಲಭ, ಸಾಲದು. ಎನ್‌ಎಫ್‌ಎಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ ತಂಡಗಳು ಊರು ಬಿಡುವುದು ಹಳೇ ಚಾಳಿ. ಕ್ಲೀವ್‌ಲ್ಯಾಂಡ್‌ಗಂತೂ ಅದು ಮೊದಲ ಪೆಟ್ಟೂ ಅಲ್ಲ.

ಆ ಊರಿನಲ್ಲಿ ಮೊದಲು ಇದ್ದದ್ದು ರ‍್ಯಾಮ್ಸ್. 1945ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ವಿರುದ್ಧ 15-14ರಿಂದ ಗೆದ್ದು ಚಾಂಪಿಯನ್ ಆಯಿತು. ಮರುತಿಂಗಳೇ ಮಾಲೀಕ ಡ್ಯಾನ್ ರೀವ್ಸ್ ತಂಡವನ್ನು ಲಾಸ್ ಏಂಜಲೀಸ್‌ಗೆ ಸಾಗಿಸಿದರು. ಗೆದ್ದ ತಂಡವೇ ಹೋಗುತ್ತದೆ ಅಂದಮೇಲೆ ಸೋತದ್ದಕ್ಕೆ ಅಭಿಮಾನಿಗಳನ್ನು ದೂರುವ ಹಾಗೂ ಇಲ್ಲ, ಅಲ್ವಾ?

1946ರಲ್ಲಿ ಒಂದು ಎದುರಾಳಿ ಲೀಗ್ ಹುಟ್ಟಿತು. ಅದರ ಕ್ಲೀವ್‌ಲ್ಯಾಂಡ್ ತಂಡಕ್ಕೆ ಕೋಚ್ ಪಾಲ್ ಬ್ರೌನ್ ಅವರ ಹೆಸರನ್ನೇ ಇಟ್ಟರು. ಪಾಲ್ ಬ್ರೌನ್ ಆಟಗಾರರನ್ನು ಶಾಲೆಯ ಮಕ್ಕಳಂತೆ ಬೆಂಚಿನ ಮೇಲೆ ಕೂರಿಸಿ ನೋಟ್ಸ್ ಬರೆಸುತ್ತಿದ್ದರು, ಎದುರು ತಂಡದ ಆಟದ ಫಿಲ್ಮ್ ಹಾಕಿ ತೋರಿಸುತ್ತಿದ್ದರು. ಕಪ್ಪು ಆಟಗಾರರಿಗೆ ವೃತ್ತಿಪರ ಫುಟ್‌ಬಾಲ್‌ನ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಮೇರಿಯನ್ ಮಾಟ್ಲಿ, ಬಿಲ್ ವಿಲ್ಲಿಸ್ ಇಬ್ಬರನ್ನೂ ತಂಡಕ್ಕೆ ತೆಗೆದುಕೊಂಡರು. ಆ ಲೀಗ್ ಬದುಕಿದ್ದು ನಾಲ್ಕೇ ವರ್ಷ. ನಾಲ್ಕೂ ವರ್ಷ ಬ್ರೌನ್ಸೇ ಚಾಂಪಿಯನ್. 1950ರಲ್ಲಿ ಎನ್‌ಎಫ್‌ಎಲ್‌ಗೆ ಸೇರಿಸಿಕೊಂಡಾಗ 'ಇಲ್ಲಿ ಇವರ ಆಟ ನಡೆಯಲ್ಲ' ಅಂದುಕೊಂಡವರೇ ಹೆಚ್ಚು. ಬ್ರೌನ್ಸ್ ಮೊದಲ ವರ್ಷವೇ ಫೈನಲ್ ಗೆದ್ದಿತು. ಸೋಲಿಸಿದ್ದು ಯಾರನ್ನು? ಊರು ಬಿಟ್ಟು ಹೋಗಿದ್ದ ಅದೇ ರ‍್ಯಾಮ್ಸ್ ತಂಡವನ್ನು. ಲೂ ಗ್ರೋಝಾ ಕೊನೇ ನಿಮಿಷದಲ್ಲಿ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು, 30-28. ಲೀಗ್‌ನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ರುಚಿಯಾದ ಸೇಡು ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

1957ರಲ್ಲಿ ಜಿಮ್ ಬ್ರೌನ್ ಬಂದರು. ಆಡಿದ್ದು ಒಂಬತ್ತು ಸೀಸನ್. ಅದರಲ್ಲಿ ಎಂಟು ಸಲ ಚೆಂಡು ಹಿಡಿದು ಅತಿ ಹೆಚ್ಚು ಗಜ ಓಡಿದವರು ಅವರೇ. ಆಮೇಲೆ ಸಿನಿಮಾ ಶೂಟಿಂಗ್‌ಗೆ ಇಂಗ್ಲೆಂಡಿಗೆ ಹೋದವರು ಅಲ್ಲಿಂದಲೇ ಆಟ ಬಿಟ್ಟೆ ಅಂದರು. ಯಾವ ಕಾಲದ ಓಟಗಾರನನ್ನು ತಂದು ಪಕ್ಕ ನಿಲ್ಲಿಸಿದರೂ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಜಿಮ್ ಬ್ರೌನ್ ಅವರದ್ದೇ.

ಮೊಡೆಲ್ ತಂಡ ಕೊಂಡದ್ದು 1961ರಲ್ಲಿ, ಸುಮಾರು 40 ಲಕ್ಷ ಡಾಲರ್‌ಗೆ. 1963ರ ಆರಂಭದಲ್ಲಿ, ತಂಡಕ್ಕೆ ಯಾರ ಹೆಸರಿತ್ತೋ ಆ ಪಾಲ್ ಬ್ರೌನ್ ಅವರನ್ನೇ ಮನೆಗೆ ಕಳಿಸಿದರು. ಆದರೂ 1964ರಲ್ಲಿ ಬ್ರೌನ್ಸ್ ಮತ್ತೆ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ 27-0ಯಿಂದ ಸೋತದ್ದು ಬಾಲ್ಟಿಮೋರ್ ಕೋಲ್ಟ್ಸ್.

ಆ ಬಾಲ್ಟಿಮೋರ್ ಕಥೆಯನ್ನೂ ಹೇಳಲೇಬೇಕು. ಅದಿಲ್ಲದೆ 1995 ಅರ್ಥ ಆಗುವುದಿಲ್ಲ.

ಕೋಲ್ಟ್ಸ್ ಅಂದರೆ ಅದರ ದೊಡ್ಡ ಆಟಗಾರ ಜಾನಿ ಯುನೈಟಸ್. 1958ರ ಫೈನಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ 23-17ರಿಂದ ಸೋಲಿಸಿದ ಪಂದ್ಯವನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಈ ಆಟ ಟಿವಿಗೆ ಹೇಳಿ ಮಾಡಿಸಿದ್ದು ಅಂತ ಗೊತ್ತಾದದ್ದೇ ಅವತ್ತು. 1972ರಲ್ಲಿ ರಾಬರ್ಟ್ ಅರ್ಸೆ ರ‍್ಯಾಮ್ಸ್ ತಂಡ ಕೊಂಡು, ಅದನ್ನು ಕೊಟ್ಟು ಕೋಲ್ಟ್ಸ್ ತಗೊಂಡರು. ಹೌದು, ತಂಡಕ್ಕೆ ತಂಡ ಅದಲುಬದಲು. ಅಲ್ಲಿಂದ ಸ್ಟೇಡಿಯಂ ಜಗಳ ಶುರು. 1984ರ ಮಾರ್ಚ್‌ನಲ್ಲಿ, ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದ ಸರ್ಕಾರ, ರಸ್ತೆಗೆ ಜಮೀನು ವಶಪಡಿಸಿಕೊಳ್ಳುವ ಹಾಗೆ ತಂಡವನ್ನೇ ವಶಕ್ಕೆ ಪಡೆಯಲು ಕಾನೂನು ತರಲು ಹೊರಟಿತು. ಅದು ಜಾರಿಯಾಗುವ ಮೊದಲೇ, 28ರ ರಾತ್ರಿ, ಮೇಫ್ಲವರ್ ಕಂಪನಿಯ ಲಾರಿಗಳು ಬಂದವು. ಹಿಮ ಬೀಳುತ್ತಿದ್ದ ಆ ರಾತ್ರಿ ಹೆಲ್ಮೆಟ್ಟು, ಕಪಾಟು, ಕಾಗದಪತ್ರ ಎಲ್ಲ ತುಂಬಿಕೊಂಡು ಇಂಡಿಯಾನಾಪೊಲಿಸ್ ಕಡೆ ಹೊರಟೇಹೋದವು. ಬೆಳಗ್ಗೆ ಎದ್ದ ಊರಿಗೆ ತಂಡ ಇಲ್ಲ.

ಉಳಿದದ್ದು ಬ್ಯಾಂಡ್. ಪಂದ್ಯದ ದಿನ ವಾದ್ಯ ನುಡಿಸುತ್ತಿದ್ದ ತಂಡದ ಬ್ಯಾಂಡ್‌ನವರ ಸಮವಸ್ತ್ರಗಳು ಆ ಹೊತ್ತಿಗೆ ಡ್ರೈಕ್ಲೀನಿಂಗ್ ಅಂಗಡಿಯಲ್ಲಿದ್ದವು. ಹಾಗಾಗಿ ಲಾರಿ ಹತ್ತಲಿಲ್ಲ. ಬ್ಯಾಂಡ್‌ನವರು ಅದನ್ನೇ ಹಾಕಿಕೊಂಡು, ತಂಡವೇ ಇಲ್ಲದ ಊರಿನ ಬ್ಯಾಂಡ್ ಆಗಿ ಹನ್ನೆರಡು ವರ್ಷ ಮೆರವಣಿಗೆಗಳಲ್ಲಿ, ಬೇರೆ ತಂಡಗಳ ಪಂದ್ಯಗಳಲ್ಲಿ ನುಡಿಸಿದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳಲು ಬ್ರೌನ್ಸ್ ಅಭಿಮಾನಿಗೂ ಮನಸ್ಸು ಬರುವುದಿಲ್ಲ.

ಲೀಗ್ ಯಾಕೆ ತಡೆಯಲಿಲ್ಲ? ಓಕ್‌ಲ್ಯಾಂಡ್ ರೈಡರ್ಸ್ ಮಾಲೀಕ ಅಲ್ ಡೇವಿಸ್ ಅದಕ್ಕೂ ಎರಡು ವರ್ಷ ಮೊದಲೇ ಲೀಗ್ ಮೇಲೆ ಮೊಕದ್ದಮೆ ಗೆದ್ದು ಲಾಸ್ ಏಂಜಲೀಸ್‌ಗೆ ಹೋಗಿದ್ದರು. ಊರು ಬದಲಿಸಲು ನಾಲ್ಕರಲ್ಲಿ ಮೂರು ಪಾಲು ಮಾಲೀಕರ ಒಪ್ಪಿಗೆ ಬೇಕು ಅನ್ನುವ ನಿಯಮವನ್ನು ಬಳಸಿ ಅವರನ್ನು ಕಟ್ಟಿಹಾಕಿದ್ದು ಸ್ಪರ್ಧೆಗೆ ವಿರುದ್ಧ ಅಂತ ಕೋರ್ಟ್ ತೀರ್ಪು ಬಂತು. ಆಮೇಲೆ ಯಾರನ್ನಾದರೂ ತಡೆಯಲು ಲೀಗ್‌ಗೆ ಧೈರ್ಯ ಉಳಿಯಲಿಲ್ಲ.

ದುಡ್ಡಿನ ಲೆಕ್ಕವನ್ನೂ ಸ್ವಲ್ಪ ನೋಡಬೇಕು. 1961ರ ಒಂದು ಕಾನೂನಿನಿಂದಾಗಿ ರಾಷ್ಟ್ರೀಯ ಟಿವಿ ಹಣ ಎಲ್ಲ ತಂಡಗಳಿಗೂ ಸಮನಾಗಿ ಹೋಗುತ್ತದೆ. ಪುಟ್ಟ ಊರಾದ ಗ್ರೀನ್ ಬೇ ತಂಡವೂ, ನ್ಯೂಯಾರ್ಕ್ ತಂಡವೂ ಒಂದೇ ಪಾಲು ಪಡೆಯುತ್ತವೆ. ಇದು ಒಳ್ಳೆಯದೇ. ಆದರೆ ಶ್ರೀಮಂತರು ಕೂರುವ ಗಾಜಿನ ಖಾಸಗಿ ಕೋಣೆಗಳ ಬಾಡಿಗೆ, ಪಾರ್ಕಿಂಗ್, ಸ್ಟೇಡಿಯಂನ ಜಾಹೀರಾತು, ಇದೆಲ್ಲ ಹಂಚಿಕೆಗೆ ಬರುವುದಿಲ್ಲ. ಪಕ್ಕದವನಿಗಿಂತ ಜಾಸ್ತಿ ಸಂಪಾದಿಸಬೇಕು ಅಂದರೆ ಮಾಲೀಕನಿಗೆ ಇರುವ ದಾರಿ ಹೊಸ ಸ್ಟೇಡಿಯಂ. ಅದನ್ನು ಸ್ವಂತ ದುಡ್ಡಲ್ಲಿ ಕಟ್ಟುವ ಬದಲು ಊರಿನ ತೆರಿಗೆ ದುಡ್ಡಲ್ಲಿ ಕಟ್ಟಿಸಿಕೊಳ್ಳಬಹುದು. ಊರು ಒಪ್ಪದಿದ್ದರೆ, ತಂಡಕ್ಕಾಗಿ ಕಾಯುತ್ತಿರುವ ಇನ್ನೊಂದು ಊರು ಇದ್ದೇ ಇರುತ್ತದೆ. ಬೇಡಿಕೆಗಿಂತ ಒಂದೆರಡು ತಂಡ ಕಮ್ಮಿ ಇಡುವುದರಲ್ಲೇ ಲೀಗ್‌ನ ಜಾಣತನ ಇದೆ.

ಕ್ಲೀವ್‌ಲ್ಯಾಂಡ್‌ನಲ್ಲಿ ಮೊಡೆಲ್ ಸರೋವರದ ದಂಡೆಯ ಹಳೇ ಮುನಿಸಿಪಲ್ ಸ್ಟೇಡಿಯಂ ಅನ್ನು ನಗರದಿಂದ ಗುತ್ತಿಗೆಗೆ ಪಡೆದಿದ್ದರು. ಊರಿನ ಬೇಸ್‌ಬಾಲ್ ತಂಡ ಅವರ ಬಾಡಿಗೆದಾರ. ನಗರ ಬೇಸ್‌ಬಾಲ್‌ಗೆ ಹೊಸ ಮೈದಾನ ಕಟ್ಟಲು ಹೊರಟಾಗ ಮೊಡೆಲ್ ಆ ಯೋಜನೆಗೆ ಸೇರಲಿಲ್ಲ. 1994ರಲ್ಲಿ ಬೇಸ್‌ಬಾಲ್ ತಂಡ ಹೊಸ ಮನೆಗೆ ಹೋಯಿತು. ಅದರ ಜೊತೆಗೇ ಖಾಸಗಿ ಕೋಣೆಗಳ ಆದಾಯವೂ ಹೋಯಿತು. ಸಾಲ ಏರಿತು. ನನ್ನ ಲೆಕ್ಕದಲ್ಲಿ ಮೊಡೆಲ್ ದುಷ್ಟ ಅಲ್ಲ, ಲೆಕ್ಕ ತಪ್ಪಿದ ವ್ಯಾಪಾರಿ. ಆ ನಷ್ಟವನ್ನು ಊರಿನ ತಲೆಗೆ ಕಟ್ಟಿದ್ದಕ್ಕೆ ಮಾತ್ರ ಕ್ಷಮೆ ಇಲ್ಲ.

ಅತ್ತ ಬಾಲ್ಟಿಮೋರ್ 1993ರಲ್ಲಿ ಹೊಸ ತಂಡಕ್ಕಾಗಿ ಲೀಗ್ ಬಾಗಿಲು ತಟ್ಟಿತ್ತು. ಲೀಗ್ ಶಾರ್ಲಟ್ ಮತ್ತು ಜಾಕ್ಸನ್‌ವಿಲ್ ಊರುಗಳನ್ನು ಆರಿಸಿಕೊಂಡಿತು. ಸ್ಟೇಡಿಯಂಗೆ ಅಂತ ಎತ್ತಿಟ್ಟ ದುಡ್ಡು ಮೇರಿಲ್ಯಾಂಡ್ ಕೈಯಲ್ಲೇ ಉಳಿಯಿತು. ಇನ್ನು ನೇರ ದಾರಿ ಇಲ್ಲ ಅಂತಾದಾಗ ಬೇರೊಂದು ಊರಿನ ತಂಡಕ್ಕೇ ಗಾಳ ಹಾಕಿದರು. ಮೊಡೆಲ್ ಮುಂದೆ ಇಟ್ಟದ್ದು ಇಷ್ಟು: ಬಾಡಿಗೆ ಇಲ್ಲದ ಹೊಸ ಸ್ಟೇಡಿಯಂ, ಅದರ ಆದಾಯ ಎಲ್ಲ ನಿಮ್ಮದೇ. 1995ರ ಅಕ್ಟೋಬರ್ ಕೊನೆಯಲ್ಲಿ ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಖಾಸಗಿ ಜೆಟ್ ಒಂದರೊಳಗೆ ಮೊಡೆಲ್ ಸಹಿ ಹಾಕಿದರು. ಜೆಟ್ ಇದ್ದದ್ದು ಬ್ರೌನ್ಸ್‌ನ ಸಣ್ಣ ಪಾಲುದಾರ ಅಲ್ ಲರ್ನರ್ ಅವರದ್ದು. ಈ ಹೆಸರು ನೆನಪಿರಲಿ.

ಡಿಸೆಂಬರ್ 17ರಂದು ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ ಊರಿನಲ್ಲಿ ಕೊನೆಯ ಪಂದ್ಯ. ಡಾಗ್ ಪೌಂಡ್ ಅಂತ ಕರೆಯುವ ಗ್ಯಾಲರಿಯಲ್ಲಿ ನಾಯಿ ಮುಖವಾಡ ಹಾಕಿ ಬೊಗಳುವ ಅಭಿಮಾನಿಗಳು ಅವತ್ತು ಮರದ ಬೆಂಚುಗಳನ್ನು ಕಿತ್ತು ಮೈದಾನಕ್ಕೆ ಎಸೆದರು. ಕೊನೆಯ ಕ್ವಾರ್ಟರ್‌ನಲ್ಲಿ ಆ ತುದಿಯಲ್ಲಿ ಆಡುವುದೇ ಅಪಾಯ ಅಂತ ರೆಫರಿಗಳು ಆಟವನ್ನು ಇನ್ನೊಂದು ತುದಿಗೆ ತಿರುಗಿಸಿದರು. ಬ್ರೌನ್ಸ್ 26-10ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಆಟಗಾರರು ಅದೇ ಗ್ಯಾಲರಿಯ ಬಳಿ ಹೋಗಿ ಜನರನ್ನು ತಬ್ಬಿಕೊಂಡರು. ಅವರಲ್ಲಿ ಅರ್ನೆಸ್ಟ್ ಬೈನರ್ ಕೂಡ ಇದ್ದರು. 1988ರ ಜನವರಿಯಲ್ಲಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಬಾಕಿ ಇದ್ದಾಗ ಡೆನ್ವರ್ ವಿರುದ್ಧ ಅಂಕ ಸಿಗುವ ಗೆರೆಯ ಹತ್ತಿರ ಚೆಂಡು ಕೈಬಿಟ್ಟವರು ಅವರೇ. ಅವರನ್ನು ಆ ಊರು ಎಂದೋ ಕ್ಷಮಿಸಿಯಾಗಿತ್ತು.

ಇಲ್ಲಿಂದ ಮುಂದೆ ನಡೆದದ್ದು ಹೊಸದು. ನಗರ ಕೋರ್ಟಿಗೆ ಹೋಯಿತು, ಅಭಿಮಾನಿಗಳು ದೇಶವೆಲ್ಲ ಗಲಾಟೆ ಎಬ್ಬಿಸಿದರು. 1996ರ ಫೆಬ್ರವರಿಯಲ್ಲಿ ರಾಜಿಯಾಯಿತು. ಮೊಡೆಲ್ ಆಟಗಾರರನ್ನೂ ಸಿಬ್ಬಂದಿಯನ್ನೂ ಕರೆದುಕೊಂಡು ಹೋಗಬಹುದು. ಬ್ರೌನ್ಸ್ ಅನ್ನುವ ಹೆಸರು, ಕಿತ್ತಳೆ-ಕಂದು ಬಣ್ಣ, 1946ರಿಂದಿನ ದಾಖಲೆಗಳು ಕ್ಲೀವ್‌ಲ್ಯಾಂಡ್‌ನಲ್ಲೇ ಇರಬೇಕು. 1999ಕ್ಕೆ ಹೊಸ ತಂಡ. ಕೋಲ್ಟ್ಸ್ ಹೋದಾಗ ಬಾಲ್ಟಿಮೋರ್‌ಗೆ ಇಂಥ ಒಪ್ಪಂದ ಸಿಕ್ಕಿರಲಿಲ್ಲ. ಯುನೈಟಸ್ ಅವರ ದಾಖಲೆಗಳು ಇವತ್ತಿಗೂ ಇಂಡಿಯಾನಾಪೊಲಿಸ್ ಪುಸ್ತಕದಲ್ಲೇ ಇವೆ.

ಕಾಗದದ ಮೇಲೆ ಇದು ದೊಡ್ಡ ಗೆಲುವು. ಆದರೆ ತಂಡವನ್ನು ತಂಡವನ್ನಾಗಿ ಮಾಡುವುದು ಬಣ್ಣವಲ್ಲ, ಆಟಗಾರರನ್ನು ಗುರುತಿಸುವ ಕಣ್ಣು. ಬ್ರೌನ್ಸ್‌ನ ಹಳೇ ಆಟಗಾರ ಓಝಿ ನ್ಯೂಸಮ್ ಬಾಲ್ಟಿಮೋರ್‌ಗೆ ಹೋದರು. ರೇವನ್ಸ್ ಅಂತ ಹೊಸ ಹೆಸರು ಪಡೆದ ತಂಡದ ಮೊದಲ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲ ಸುತ್ತಿನಲ್ಲೇ, ಜೊನಾಥನ್ ಆಗ್ಡನ್, ರೇ ಲೂಯಿಸ್ ಇಬ್ಬರನ್ನೂ ಆರಿಸಿದರು. ಇಬ್ಬರೂ ಮುಂದೆ ಆಟದ ದಿಗ್ಗಜರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದರು. 2000ದ ಸೀಸನ್‌ನ 16 ಪಂದ್ಯಗಳಲ್ಲಿ ರೇವನ್ಸ್ ಬಿಟ್ಟುಕೊಟ್ಟದ್ದು ಬರೀ 165 ಅಂಕ. 2001ರ ಜನವರಿಯಲ್ಲಿ ಜೈಂಟ್ಸ್ ವಿರುದ್ಧ 34-7ರಿಂದ ಸೂಪರ್ ಬೌಲ್ ಗೆದ್ದರು. ಆ ಟ್ರೋಫಿಯನ್ನು ಮೊಡೆಲ್ ಎತ್ತಿ ಹಿಡಿದದ್ದನ್ನು ನೋಡುವುದು ನಮ್ಮವರಿಗೆ ಎಂಥ ಸಂಕಟ ಅಂತ ಬೇರೆ ಹೇಳಬೇಕಾಗಿಲ್ಲ. ಅವರು 2012ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್ ಬಾಗಿಲು ಅವರಿಗೆ ತೆರೆದಿಲ್ಲ. ಟಿವಿ ಒಪ್ಪಂದಗಳಲ್ಲಿ ಅವರು ಲೀಗ್‌ಗೆ ಮಾಡಿದ ಕೆಲಸ ನೋಡಿದರೆ ಅರ್ಹತೆ ಇದೆ ಅನ್ನುವವರಿದ್ದಾರೆ. ನಾನಂತೂ ಮತ ಹಾಕುವುದಿಲ್ಲ.

ಕ್ಲೀವ್‌ಲ್ಯಾಂಡ್‌ನ ಹೊಸ ತಂಡವನ್ನು 53 ಕೋಟಿ ಡಾಲರ್‌ಗೆ ಕೊಂಡವರು ಯಾರು ಗೊತ್ತಾ? ಅದೇ ಜೆಟ್‌ನ ಅಲ್ ಲರ್ನರ್. ಹಳೇ ಸ್ಟೇಡಿಯಂ ಕೆಡವಿ, ಅದರ ಅವಶೇಷವನ್ನು ಮೀನುಗಳಿಗೆ ನೆಲೆಯಾಗಲಿ ಅಂತ ಈರಿ ಸರೋವರಕ್ಕೆ ಹಾಕಿ, ಅದೇ ಜಾಗದಲ್ಲಿ ಹೊಸದು ಕಟ್ಟಿದರು. ಆಟ ಮಾತ್ರ ಮೇಲೇಳಲಿಲ್ಲ. ಚೆಂಡು ಎಸೆದು ದಾಳಿ ನಡೆಸುವ ಆಟಗಾರರು, ಅಂದರೆ ಕ್ವಾರ್ಟರ್‌ಬ್ಯಾಕ್‌ಗಳು, ಎಷ್ಟು ಬೇಗ ಬದಲಾದರೆಂದರೆ, ಟಿಮ್ ಕೌಚ್ ಹೆಸರಿದ್ದ ಒಂದು ಜೆರ್ಸಿಯ ಮೇಲೆ ಬಂದವರ ಹೆಸರನ್ನೆಲ್ಲ ಒಂದರ ಕೆಳಗೊಂದು ಅಂಟಿಸುತ್ತಾ ಹೋದದ್ದೇ ಊರಿನಲ್ಲಿ ಪ್ರಸಿದ್ಧವಾಯಿತು. 2017ರಲ್ಲಿ 16ಕ್ಕೆ 16 ಪಂದ್ಯವೂ ಸೋಲು. 2018ರ ಜನವರಿಯ ಕೊರೆಯುವ ಚಳಿಯಲ್ಲಿ ಅಭಿಮಾನಿಗಳು ಸ್ಟೇಡಿಯಂ ಸುತ್ತ ದೊಡ್ಡ ಸೊನ್ನೆಯ ಆಕಾರದಲ್ಲಿ 'ಪರ್ಫೆಕ್ಟ್ ಸೀಸನ್' ಮೆರವಣಿಗೆ ಮಾಡಿದರು. ಮರಳಿ ಬಂದ ಮೇಲಿನ ಮೊದಲ ಪ್ಲೇಆಫ್ ಗೆಲುವು ಸಿಕ್ಕಿದ್ದು 2021ರ ಜನವರಿಯಲ್ಲಿ, ಪಿಟ್ಸ್‌ಬರ್ಗ್ ವಿರುದ್ಧ 48-37. ಸೂಪರ್ ಬೌಲ್ ಆಡುವ ಯೋಗ ಇನ್ನೂ ಬಂದಿಲ್ಲ.

1996ರ ಜಗಳದಿಂದ ಇನ್ನೊಂದು ವಸ್ತುವೂ ಉಳಿದಿತ್ತು. ಒಹಾಯೋದಲ್ಲಿ ಜನ ಅದನ್ನು ಮೊಡೆಲ್ ಕಾನೂನು ಅನ್ನುತ್ತಾರೆ. ತೆರಿಗೆ ದುಡ್ಡಿನ ಸ್ಟೇಡಿಯಂನಲ್ಲಿ ಆಡುವ ತಂಡ ಊರು ಬಿಡಬೇಕಾದರೆ ಆರು ತಿಂಗಳು ಮೊದಲೇ ತಿಳಿಸಬೇಕು, ತಂಡ ಕೊಳ್ಳಲು ಸ್ಥಳೀಯರಿಗೆ ಅವಕಾಶ ಕೊಡಬೇಕು. 2018ರಲ್ಲಿ ಕೊಲಂಬಸ್‌ನ ಸಾಕರ್ ತಂಡ ಟೆಕ್ಸಸ್‌ಗೆ ಹೊರಟಾಗ ಇದೇ ಕಾನೂನು ಹಿಡಿದು ಮೊಕದ್ದಮೆ ಹೂಡಿದರು. ತಂಡ ಊರಿನಲ್ಲೇ ಉಳಿಯಿತು.

ಈಗಿನ ಮಾಲೀಕರಾದ ಹ್ಯಾಸ್ಲಮ್ ಕುಟುಂಬ ಬ್ರೂಕ್ ಪಾರ್ಕ್ ಅನ್ನುವ ಉಪನಗರದಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಸೂರು ಇರುವ ಸ್ಟೇಡಿಯಂ ಕಟ್ಟಲು ಹೊರಟಿದೆ. ಅಂದಾಜು ವೆಚ್ಚ 240 ಕೋಟಿ ಡಾಲರ್. ಒಹಾಯೋದ 2025ರ ಬಜೆಟ್ ಅದಕ್ಕೆ 60 ಕೋಟಿ ಡಾಲರ್ ಒಪ್ಪಿತು. ಆ ದುಡ್ಡು ಬರಬೇಕಾದದ್ದು ಜನ ಮರೆತುಬಿಟ್ಟ ಬ್ಯಾಂಕ್ ಖಾತೆಗಳಂಥ, ಯಾರೂ ಕೇಳದೆ ಸರ್ಕಾರದ ಬಳಿ ಉಳಿದ ಹಣದಿಂದ. ಅದೇ ಬಜೆಟ್‌ನಲ್ಲಿ ಮೊಡೆಲ್ ಕಾನೂನನ್ನೂ ತಿದ್ದಿದರು. ಇನ್ನು ಅದು ರಾಜ್ಯ ಬಿಟ್ಟು ಹೋಗುವ ತಂಡಕ್ಕೆ ಮಾತ್ರ. ಹದಿನೈದು ಮೈಲಿಯೊಳಗಿನ ಉಪನಗರಕ್ಕೆ ಹೋಗುವುದನ್ನು ನಾನು ಬಾಲ್ಟಿಮೋರ್ ಜೊತೆ ಹೋಲಿಸಲಾರೆ, ಭಾನುವಾರ ನಾಯಿ ಮುಖವಾಡ ಹಾಕಿಕೊಂಡು ಅಲ್ಲಿಗೂ ಹೋಗಬಹುದು. ಆದರೆ ಇಷ್ಟು ಗಲಾಟೆ ಮಾಡಿ ಪಡೆದ ಕಾನೂನು, ಬ್ರೌನ್ಸ್‌ಗೇ ಅನ್ವಯಿಸಬೇಕಾದ ಮೊದಲ ಸಂದರ್ಭದಲ್ಲೇ ಬ್ರೌನ್ಸ್‌ಗೆ ಅನ್ವಯಿಸದ ಹಾಗಾಯಿತು.